ಮೂರು ಲಕ್ಷದೊಳಗೆ ಹಳೆ ಕಾರು: ಕಾಸರಗೋಡಿನಲ್ಲಿ ಹೆಜ್ಜೆ ತಪ್ಪದೆ ಕೊಳ್ಳುವ ಕ್ರಮ

ನೆಂಟರಿಷ್ಟರ ಜೊತೆ ಹಳೆ ಕಾರು ನೋಡಲಿಕ್ಕೆ ಹೋಗುವುದು ನನಗೆ ಹಲವು ವರ್ಷಗಳ ರೂಢಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಾ, ಗಡಿ ದಾಟಿ ಮಂಗಳೂರು, ಪುತ್ತೂರಿನವರೆಗೂ ಹೋಗಿದ್ದೇನೆ. ಕೆಟ್ಟ ಕಾರು ತಂದವರೆಲ್ಲ ಸೋತದ್ದು ಒಂದೇ ರೀತಿಯಲ್ಲಿ. ಮೊದಲು ಕಾರು ನೋಡಿದರು, ಹೊಳಪಿಗೆ ಮನಸ್ಸು ಕೊಟ್ಟರು, ಬೇರೆ ಯಾರಾದರೂ ಕೊಂಡುಹೋದಾರೆಂದು ಹೆದರಿ ಅಡ್ವಾನ್ಸ್ ಕೊಟ್ಟರು, ಆಮೇಲೆ ಕಾಗದಪತ್ರ ಕೇಳಿದರು, ಎಲ್ಲ ಮುಗಿದ ಮೇಲೆ ಮೆಕ್ಯಾನಿಕ್ಕಿಗೆ ತೋರಿಸಿದರು. ಮಾಡಬೇಕಾದ ಕೆಲಸವನ್ನೆಲ್ಲ ಮಾಡಿದ್ದಾರೆ, ಕ್ರಮ ಮಾತ್ರ ತಲೆಕೆಳಗು.

ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಮನೆಯಲ್ಲಿ ಕೂತು ಖರ್ಚಿಲ್ಲದೆ ಆಗುವ ಕೆಲಸ ಮೊದಲು, ಪೆಟ್ರೋಲು ಸುಟ್ಟು ಹೋಗಿ ನೋಡುವುದು ಆಮೇಲೆ, ಮೆಕ್ಯಾನಿಕ್ಕಿಗೆ ಹಣ ಕೊಡುವುದು ಅದರ ನಂತರ, ಬೆಲೆಯ ಮಾತು ಕೊನೆಗೆ. ಒಂದು ಹಂತದಲ್ಲಿ ದೊಡ್ಡ ದೋಷ ಸಿಕ್ಕಿದರೆ ಮುಂದಿನದಕ್ಕೆ ಹೋಗಬೇಡಿ, ಅಲ್ಲಿಗೇ ಬಿಟ್ಟುಬಿಡಿ.

## ಜೊತೆಯಲ್ಲಿರಬೇಕಾದ ಸಾಮಾನು

ಒಳ್ಳೆಯ ಬೆಳಕಿನ ಟಾರ್ಚು, ಕಾರಿನಡಿ ಹಾಸಿ ಮಲಗಲು ಹಳೆ ಗೋಣಿ, ಕೈ ಒರೆಸುವ ಬಟ್ಟೆ, ಆಯಿಲ್ ನೋಡಲು ಬಿಳಿ ಕಾಗದ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥ ಸಣ್ಣ ಅಯಸ್ಕಾಂತ, ಬರೆದುಕೊಳ್ಳಲು ಪುಸ್ತಕ. ಇದರ ಮೇಲೆ ಒಂದು ಬ್ಲೂಟೂತ್ ಒಬಿಡಿ ಸ್ಕ್ಯಾನರ್ ತೆಗೆದುಕೊಳ್ಳಿ. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ, ಸ್ಟಿಯರಿಂಗ್ ಅಡಿಯ ಸಾಕೆಟ್ಟಿಗೆ ಚುಚ್ಚಿದರೆ ಎಂಜಿನ್ ಕಂಪ್ಯೂಟರಿನಲ್ಲಿರುವ ದೋಷದ ಕೋಡುಗಳನ್ನು ಮೊಬೈಲಿನಲ್ಲಿ ತೋರಿಸುತ್ತದೆ.

ಇನ್ನು ಒಬ್ಬ ಮನುಷ್ಯ ಬೇಕು, ಆ ಕಾರಿನ ಮೇಲೆ ಆಸೆಯೇ ಇಲ್ಲದವನು. ನೀವು ಬಣ್ಣ ನೋಡುವಾಗ ಅವನು ಟಯರು ನೋಡುತ್ತಾನೆ.

## ಹಂತ 1: ಬಜೆಟ್ಟನ್ನು ಎರಡು ಪಾಲು ಮಾಡಿ

ಕೈಯಲ್ಲಿ ಮೂರು ಲಕ್ಷ ಇದ್ದರೆ ಎರಡು ಲಕ್ಷ ನಲವತ್ತು ಸಾವಿರದ ಕಾರು ಹುಡುಕಿ. ಐದರಲ್ಲಿ ಒಂದು ಪಾಲು, ಅಂದರೆ ಅರುವತ್ತು ಸಾವಿರ, ಮುಟ್ಟದೆ ಇಡಿ. ಹೆಸರು ಬದಲಾವಣೆ, ಇನ್ಶೂರೆನ್ಸ್, ಬ್ಯಾಟರಿ, ನಾಲ್ಕು ಟಯರು, ಎಲ್ಲ ಆಯಿಲುಗಳು, ಬ್ರೇಕ್ ಪ್ಯಾಡ್, ಇವುಗಳಲ್ಲಿ ಅರ್ಧವಾದರೂ ಮೊದಲ ಆರು ತಿಂಗಳಲ್ಲಿ ಬಂದೇ ಬರುತ್ತವೆ. ಸಣ್ಣ ಕಾರಿನ ನಾಲ್ಕು ಟಯರಿಗೇ ಹತ್ತು ಹದಿನೈದು ಸಾವಿರ ದಾಟುತ್ತದೆ.

ಪೂರ್ತಿ ಮೂರು ಲಕ್ಷವನ್ನು ಕಾರಿಗೇ ಹಾಕಿದವರು ನಂತರ ಟಯರು ಬದಲಿಸಲು ಹಣವಿಲ್ಲದೆ ಮಳೆಗಾಲ ಕಳೆಯುತ್ತಾರೆ. ಬೋಳು ಟಯರಿನಲ್ಲಿ ಜೂನ್ ತಿಂಗಳ ನಮ್ಮ ರಸ್ತೆ ಎಂಥದ್ದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

## ಹಂತ 2: ಮಾಡೆಲಿಗಿಂತ ಮೊದಲು ನಂಬರ್ ಪ್ಲೇಟು ನಿರ್ಧರಿಸಿ

ಬೇರೆ ಊರಿನವರಿಗೆ ಇಲ್ಲದ ಒಂದು ತೊಡಕು ನಮಗುಂಟು. ಸಾಮಾನು ಕೊಳ್ಳುವುದು ಮಂಗಳೂರಿನಲ್ಲಿ, ಕಾರು ನಿಲ್ಲುವುದು ಕೇರಳದಲ್ಲಿ. ಮಂಗಳೂರಿನ ಕೆಎ 19, ಪುತ್ತೂರಿನ ಕೆಎ 21 ಕಾರುಗಳು ಆಯ್ಕೆಯಲ್ಲೂ ಹೆಚ್ಚು, ಕೆಲವೊಮ್ಮೆ ಬೆಲೆಯಲ್ಲೂ ಕಡಿಮೆ. ಆದರೆ ಆ ಬೆಲೆಯಲ್ಲಿ ಕೇರಳದ ತೆರಿಗೆ ಸೇರಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿಯ ಹೊಸ ನಂಬರ್ ಪಡೆಯಲೇಬೇಕು. ಅದಕ್ಕೆ ಹಳೆ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ), ಇಲ್ಲಿ ಫಾರ್ಮ್ 27ರಲ್ಲಿ ಅರ್ಜಿ, ಜೊತೆಗೆ ಕೇರಳದ ರಸ್ತೆ ತೆರಿಗೆ. ತೆರಿಗೆ ಲೆಕ್ಕ ಹಾಕುವಾಗ ನೋಡುವುದು ಕಾರು ಹೊಸದಿದ್ದಾಗಿನ ಬೆಲೆ ಮತ್ತು ಈಗಿನ ವಯಸ್ಸನ್ನು. ನೀವು ಎಷ್ಟು ಅಗ್ಗಕ್ಕೆ ಕೊಂಡಿರಿ ಎಂಬುದು ಅಲ್ಲಿ ನಡೆಯುವುದಿಲ್ಲ. ದೊಡ್ಡ ಕಾರನ್ನು ಅಗ್ಗಕ್ಕೆ ತಂದವರು ಇಲ್ಲೇ ಪೆಟ್ಟು ತಿನ್ನುವುದು. ಹೊರರಾಜ್ಯದ ವಾಹನಕ್ಕೆ ತೆರಿಗೆ ಯಾವಾಗಿನಿಂದ ಎಂಬುದರ ನಿಯಮವೂ ಬೇರೆಯೇ ಇರುತ್ತದೆ. ಮಾಡೆಲ್, ವರ್ಷ ಬರೆದುಕೊಂಡು ಆರ್‌ಟಿಒ ಕಚೇರಿಗೆ ಹೋಗಿ, ಕೊಳ್ಳುವ ಮೊದಲೇ ಮೊತ್ತ ಕೇಳಿ ಬನ್ನಿ. ಕರ್ನಾಟಕದಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಪಾಲನ್ನು ಮರಳಿ ಕೇಳಲು ದಾರಿ ಉಂಟು. ಆ ಹಣ ಯಾರಿಗೆ ಸೇರಬೇಕೆಂದು ಮಾರುವವರ ಹತ್ತಿರ ಮೊದಲೇ ಮಾತಾಡಿ ಬರೆಸಿಕೊಳ್ಳಿ.

ನನ್ನ ಸಲಹೆ ಕೇಳುವುದಾದರೆ, ಬಜೆಟ್ ಮೂರು ಲಕ್ಷದೊಳಗೆ ಇರುವವರು ಕೆಎಲ್ 14 (ಕಾಸರಗೋಡು) ಅಥವಾ ಕೆಎಲ್ 60 (ಕಾಞಂಗಾಡು) ಕಾರನ್ನೇ ನೋಡಿ. ಹೊರರಾಜ್ಯದ್ದನ್ನು ಕೊಳ್ಳಲೇಬೇಕೆಂದಿದ್ದರೆ ಎನ್‌ಒಸಿ ಕೈಗೆ ಬಂದ ಮೇಲಷ್ಟೇ ಪೂರ್ತಿ ಹಣ. ನಾನೇ ಒಮ್ಮೆ "ಎನ್‌ಒಸಿ ಮುಂದಿನ ವಾರ ಬರ್ತದೆ" ಎಂಬ ಮಾತು ನಂಬಿ ಪೂರ್ತಿ ಹಣ ಕೊಟ್ಟಿದ್ದೆ. ಮಾರಿದವರ ಕಾರಿನ ಸಾಲ ಇನ್ನೂ ತೀರಿರಲಿಲ್ಲ. ಆ ಕಾಗದ ಕೈಸೇರಲು ಏಳು ತಿಂಗಳು ಹಿಡಿಯಿತು. ಅಷ್ಟು ದಿನವೂ ಗಡಿಯ ತಲಪಾಡಿ ದಾಟುವಾಗ ಎದೆ ಡವಗುಟ್ಟುತ್ತಿತ್ತು.

ದೆಹಲಿ ನಂಬರಿನ ಅಗ್ಗದ ಡೀಸೆಲ್ ಕಾರುಗಳ ಆಸೆ ಬೇಡ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಬಂದ ನಿರ್ಬಂಧದಿಂದಾಗಿ ಅವು ದಕ್ಷಿಣಕ್ಕೆ ಬರುತ್ತವೆ.

## ಹಂತ 3: ನಿಮ್ಮ ರಸ್ತೆಗೆ ತಕ್ಕ ಕಾರು

ಹೆಚ್ಚು ಯೋಚನೆ ಬೇಡ. ಸಣ್ಣ ಪೆಟ್ರೋಲ್ ಎಂಜಿನ್, ಟರ್ಬೊ ಇಲ್ಲದ್ದು, ಮ್ಯಾನುಯಲ್ ಗೇರು. ವ್ಯಾಗನ್ ಆರ್, ಆಲ್ಟೊ ಕೆ10, ಸ್ವಿಫ್ಟ್ ಪೆಟ್ರೋಲ್, ಐ10, ಗ್ರ್ಯಾಂಡ್ ಐ10, ಇಂಥವು. ಬದಿಯಡ್ಕದಲ್ಲೋ ಉಪ್ಪಳದಲ್ಲೋ ಯಾವ ವರ್ಕ್‌ಶಾಪಿಗೆ ಕೊಂಡುಹೋದರೂ ಕೈ ಹಾಕುವವರಿದ್ದಾರೆ, ಸ್ಪೇರ್ ಪಾರ್ಟ್ ಅದೇ ದಿನ ಸಿಗುತ್ತದೆ.

796 ಸಿಸಿಯ ಆಲ್ಟೊ 800 ಪೇಟೆಗೆ ಸಾಕು. ಆದರೆ ಮನೆಗೆ ಕಡಿದಾದ ಮಣ್ಣಿನ ಚಡವು ಇದ್ದರೆ, ನಾಲ್ಕು ಜನ ಕೂತು ಎಸಿ ಹಾಕಿದಾಗ ಅದು ಏದುಸಿರು ಬಿಡುತ್ತದೆ. ಅಂಥವರಿಗೆ 998 ಸಿಸಿಯ ಎಂಜಿನ್ ಕನಿಷ್ಠ. ನೆಲದಿಂದ ಎತ್ತರ ಕಡಿಮೆ ಇರುವ ಸೆಡಾನ್ ಕಾರು ತೋಟದ ದಾರಿಯ ಮುರಕಲ್ಲಿಗೆ ಅಡಿ ತಾಗಿಸುತ್ತದೆ.

ದಿನಕ್ಕೆ ಐವತ್ತು ಕಿಲೋಮೀಟರಿಗಿಂತ ಕಡಿಮೆ ಓಡಿಸುವವರಿಗೆ ಹಳೆ ಡೀಸೆಲ್ ಬೇಡ. ಇಂಜೆಕ್ಟರೋ ಟರ್ಬೊವೋ ಕೆಟ್ಟರೆ ಬರುವ ಬಿಲ್ಲು, ಇಂಧನದಲ್ಲಿ ಮೂರು ವರ್ಷ ಉಳಿಸಿದ್ದನ್ನು ಒಂದೇ ದಿನ ನುಂಗುತ್ತದೆ. ಷೆವರ್ಲೆ ಭಾರತದಲ್ಲಿ ಮಾರಾಟ ನಿಲ್ಲಿಸಿದ್ದು 2017ರಲ್ಲಿ. ಅಂಥ ಬ್ರಾಂಡಿನ ಕಾರು ಎಷ್ಟು ಚಂದ ಇದ್ದರೂ ಸ್ಪೇರ್ ಪಾರ್ಟಿಗಾಗಿ ಅಲೆಯುವ ತಾಳ್ಮೆ ಇದ್ದವರಿಗೆ ಮಾತ್ರ.

ಸುರಕ್ಷತೆಯ ಒಂದು ಮಾತು: ಚಾಲಕನ ಏರ್‌ಬ್ಯಾಗೂ, ಗಟ್ಟಿಯಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬ್ರೇಕೂ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕಿಂತ ಹಿಂದಿನ ಕಾರಾದರೆ ಅವೆರಡೂ ಇದ್ದ ವೇರಿಯಂಟ್ ಹುಡುಕಿ. ಅಲಾಯ್ ವೀಲಿಗೆ, ಟಚ್ ಸ್ಕ್ರೀನಿಗೆ ಹೆಚ್ಚು ಹಣ ಕೊಡುವ ಬದಲು ಅದಕ್ಕೆ ಕೊಡಿ.

## ಹಂತ 4: ಹೋಗುವ ಮೊದಲೇ ಕಾಗದ

ಮಾರುವವರಿಂದ ಆರ್‌ಸಿಯ (ನೋಂದಣಿ ಪತ್ರದ) ಎರಡೂ ಬದಿಯ ಫೋಟೊ, ಈಗಿನ ಇನ್ಶೂರೆನ್ಸ್ ಪಾಲಿಸಿ ತರಿಸಿಕೊಳ್ಳಿ. ಕೊಡಲು ಹಿಂಜರಿದರೆ ಆ ಕಾರು ನಿಮಗಲ್ಲ. ಸರಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ, ನೋಂದಣಿ ದಿನಾಂಕ, ಫಿಟ್‌ನೆಸ್ ಯಾವ ದಿನದವರೆಗೆ, ಇನ್ಶೂರೆನ್ಸ್ ಇದೆಯೇ, ಫೈನಾನ್ಸ್ ಬಾಕಿ ಇದೆಯೇ ಎಂದು ಆರ್‌ಸಿಯ ಜೊತೆ ತಾಳೆ ನೋಡಿ. ಪರಿವಾಹನ್‌ನ ಇ-ಚಲನ್ ಪುಟದಲ್ಲಿ ಬಾಕಿ ದಂಡ ನೋಡಿ. ಹೆದ್ದಾರಿಯಲ್ಲಿ ಕ್ಯಾಮರಾ ಬಂದ ಮೇಲೆ ದಂಡ ಬಾಕಿ ಇರುವುದು ಸಾಮಾನ್ಯ.

ಎಡವುವುದು ಹೆಚ್ಚಾಗಿ ಈ ಕೆಳಗಿನ ಕಡೆಗಳಲ್ಲಿ:

ವಯಸ್ಸು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿಮೂರು ವರ್ಷದ ಕಾರು ಕೊಂಡರೆ ಎರಡೇ ವರ್ಷದಲ್ಲಿ ಆ ಖರ್ಚು ನಿಮ್ಮದು.

ಫೈನಾನ್ಸ್. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ, "ಸಾಲ ತೀರಿದೆ" ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಆರ್‌ಸಿಯಿಂದ ಹೆಸರು ತೆಗೆಸಿದ ಮೇಲೆ ಕೊಳ್ಳಿ.

ಮಾಲಿಕ ಗಲ್ಫಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಇದು ತುಂಬ. ಅಣ್ಣನ ಕಾರನ್ನು ತಮ್ಮ ಮಾರುತ್ತಾನೆ, ಅಳಿಯನದ್ದನ್ನು ಮಾವ ಮಾರುತ್ತಾರೆ. ಮನುಷ್ಯರು ಒಳ್ಳೆಯವರೇ, ಮೋಸವೇನೂ ಇರುವುದಿಲ್ಲ. ಆದರೆ ಆನ್‌ಲೈನ್ ವರ್ಗಾವಣೆಗೆ ಒಟಿಪಿ ಹೋಗುವುದು ಮಾಲಿಕರ ಮೊಬೈಲಿಗೆ. ಊರಿನ ಸಿಮ್ ಬಂದ್ ಆಗಿ ವರ್ಷವಾಗಿದ್ದರೆ ಕೆಲಸ ನಿಲ್ಲುತ್ತದೆ. ಅವರು ರಜೆಯಲ್ಲಿ ಬರುವ ದಿನ ಕೇಳಿ, ಆ ವಾರದಲ್ಲೇ ವ್ಯವಹಾರ ಇಟ್ಟುಕೊಳ್ಳಿ. ಮಾಲಿಕರು ತೀರಿಹೋಗಿದ್ದರೆ ವಾರಸುದಾರರು ಫಾರ್ಮ್ 31ರಲ್ಲಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು.

ತಾರೀಕಿಲ್ಲದ ಸಹಿ. ಬ್ರೋಕರ ಕೈಯಲ್ಲಿ ಮೊದಲ ಮಾಲಿಕನ ಸಹಿ ಇರುವ ಖಾಲಿ ಫಾರ್ಮ್ 29, 30 (ಹೆಸರು ಬದಲಾವಣೆಯ ಫಾರ್ಮುಗಳು) ಇರುತ್ತವೆ. ಕಾರು ಮೂರು ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ "ಫಸ್ಟ್ ಓನರ್". ಆ ಮೊದಲ ಮಾಲಿಕರ ಹತ್ತಿರ ಫೋನಿನಲ್ಲಾದರೂ ನೇರ ಮಾತಾಡದೆ ಮುಂದುವರಿಯಬೇಡಿ. ಹಳೆ ಕಾರು ಮಾರುವ ಡೀಲರುಗಳು ಆರ್‌ಟಿಒ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲಿನಿಂದ ಇದೆ. ಶೋರೂಮಿನಲ್ಲಿ ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಪಾಲಿಸಿಯಲ್ಲಿರುವ ಸುಳಿವು. ಇದನ್ನು ನೋಡುವವರು ತೀರಾ ಕಡಿಮೆ. ಕ್ಲೇಮ್ ಇಲ್ಲದೆ ವರ್ಷ ಕಳೆದ ಹಾಗೆ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ 20, 25, 35, 45, 50 ಶೇಕಡಾ ಎಂದು ಏರುತ್ತದೆ. ಒಬ್ಬರೇ ಮಾಲಿಕರು ಆರು ವರ್ಷದಿಂದ ಇಟ್ಟುಕೊಂಡ ಕಾರಿನಲ್ಲಿ ಅದು ಸೊನ್ನೆ ಎಂದಿದ್ದರೆ ಹತ್ತಿರದಲ್ಲೇ ಒಂದು ಕ್ಲೇಮ್ ಆಗಿದೆ ಅಥವಾ ಪಾಲಿಸಿ ನಡುವೆ ತಪ್ಪಿದೆ. ಎಂಥ ಕ್ಲೇಮ್ ಎಂದು ನೇರ ಕೇಳಿ. ಬಂಪರ್ ಎಲ್ಲೋ ಉಜ್ಜಿದ್ದಾದರೆ ತೊಂದರೆಯಿಲ್ಲ. ಉತ್ತರ ತಡವರಿಸಿದರೆ ಹಂತ 5ರಲ್ಲಿ ಕಣ್ಣು ಇನ್ನಷ್ಟು ತೆರೆದಿಡಿ.

## ಹಂತ 5: ನಿಂತ ಕಾರಿನ ಪರೀಕ್ಷೆ

ಬೆಳಗ್ಗೆ ಹೋಗಿ, ಬಿಸಿಲಿರುವಾಗ ಹೋಗಿ. ಮಳೆಯಲ್ಲಿ ಅಥವಾ ಈಗಷ್ಟೇ ತೊಳೆದ ಕಾರಿನಲ್ಲಿ ನೀರಹನಿ ಬಣ್ಣದ ವ್ಯತ್ಯಾಸವನ್ನೂ ಸಣ್ಣ ತಗ್ಗುಗಳನ್ನೂ ಮುಚ್ಚುತ್ತದೆ. "ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಮುಂಚಿತವಾಗಿ ಹೇಳಿಡಿ.

ಮೊದಲ ಕೆಲಸ, ಚಾಸಿ ನಂಬರು. ಹದಿನೇಳು ಅಕ್ಷರ-ಅಂಕಿಗಳನ್ನು ಲೋಹದ ಮೇಲೆ ಕೊರೆದಿರುತ್ತಾರೆ, ಕೆಲವು ಕಾರಿನಲ್ಲಿ ಬಾನೆಟ್ ಒಳಗೆ, ಕೆಲವುದರಲ್ಲಿ ಮುಂದಿನ ಸೀಟಿನಡಿ. ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ಓದಿ. ಸುತ್ತ ಉಜ್ಜಿದ, ಬೆಸುಗೆ ಹಾಕಿದ ಗುರುತಿದ್ದರೆ ಮನೆಗೆ ಹೊರಡಿ.

### ತುಕ್ಕು

ಮಂಜೇಶ್ವರದಿಂದ ಕಾಸರಗೋಡಿನ ತನಕ ಕಡಲ ಬದಿಯಲ್ಲಿ ನಿಂತ ಕಾರಿಗೆ ಉಪ್ಪುಗಾಳಿ ಒಳಗಿನಿಂದ ಹಿಡಿಯುತ್ತದೆ. ಬಾಗಿಲಿನ ಕೆಳ ಅಂಚಿಗೆ ಬೆರಳು ಹಾಕಿ ಸವರಿ, ಚಕ್ರದ ಕಮಾನಿನ ಒಳಬದಿ, ಜಾಕ್ ಕೊಡುವ ಜಾಗ, ಬ್ಯಾಟರಿಯ ಅಡಿ, ಸ್ಟೆಪ್ನಿಯ ಗುಂಡಿ ನೋಡಿ. ಮೇಲ್ಮೈಯ ಕೆಂಪು ಪುಡಿ ಹೆದರುವಂಥದ್ದಲ್ಲ. ಬೆರಳಲ್ಲಿ ಒತ್ತಿದಾಗ ತಗಡು ಪದರ ಪದರವಾಗಿ ಏಳುವುದಾದರೆ ರಿಪೇರಿಗೆ ಕೊನೆಯಿಲ್ಲ. ಗೋಣಿ ಹಾಸಿ ಅಡಿಗೆ ನುಗ್ಗಿ ಬ್ರೇಕ್ ಪೈಪನ್ನೂ ನೋಡಿ. ಹತ್ತು ವರ್ಷದ ಕಾರಿನ ಅಡಿಗೆ ನಿನ್ನೆ ಮೊನ್ನೆ ಕಪ್ಪು ಕೋಟಿಂಗ್ ಬಳಿದಿದ್ದರೆ ಅದರೊಳಗೆ ಏನಿದೆ ಎಂಬ ಪ್ರಶ್ನೆ ಏಳಬೇಕು.

ಅಡಿಕೆ ತೋಟದವರ ಕಾರಾದರೆ ಡಿಕ್ಕಿಯ ಮ್ಯಾಟ್ ಪೂರ್ತಿ ಎತ್ತಿಸಿ. ಕೊಳೆರೋಗಕ್ಕೆ ಮದ್ದು ಬಿಡುವ ಕಾಲದಲ್ಲಿ ಮೈಲುತುತ್ತಿನ ಚೀಲ, ಮದ್ದಿನ ಕ್ಯಾನು, ಪಂಪು ಎಲ್ಲ ಅದರಲ್ಲೇ ಸಾಗಿರುತ್ತವೆ. ಮೈಲುತುತ್ತು ಚೆಲ್ಲಿದರೆ ಕಬ್ಬಿಣ ತಿಂದುಹಾಕುತ್ತದೆ. ನನ್ನ ಭಾವ ಒಂದು ವ್ಯಾಗನ್ ಆರ್ ನೋಡಿ "ಪೈಂಟ್ ಕನ್ನಡಿಯ ಹಾಗೆ ಉಂಟು ಭಾವ, ಇದನ್ನೇ ತೆಗೊಳ್ಳುವ" ಎಂದಿದ್ದರು. ಮ್ಯಾಟ್ ಎತ್ತಿದರೆ ನೀಲಿ-ಹಸಿರು ಕಲೆ, ಕಲೆಯ ನಡುವೆ ಬೆರಳು ತೂರುವ ತೂತು, ತೂತಿನಲ್ಲಿ ಅಂಗಳದ ಮಣ್ಣು ಕಾಣುತ್ತಿತ್ತು. ಮೀನಿನ ಐಸ್ ಪೆಟ್ಟಿಗೆ ಸಾಗಿಸಿದ ಕಾರಿನ ಕಥೆಯೂ ಇಂಥದ್ದೇ, ಅಲ್ಲಿ ಮೂಗೇ ಹೇಳುತ್ತದೆ. ಅಡಿಕೆ ಗೋಣಿ, ಗ್ಯಾಸ್ ಸಿಲಿಂಡರ್ ಹೇರಿ ಹೇರಿ ಹಿಂದಿನ ಸ್ಪ್ರಿಂಗ್ ಕುಸಿದಿದೆಯೇ ಎಂದು ನೋಡಲು, ಸಮನೆಲದಲ್ಲಿ ದೂರ ನಿಂತು ಪಕ್ಕದಿಂದ ನೋಡಿ. ಕುಸಿದಿದ್ದರೆ ಬೆನ್ನು ಕೆಳಗೆ ಜಗ್ಗಿರುತ್ತದೆ.

### ಅಪಘಾತದ ಗುರುತು

ಬಾನೆಟ್, ಬಾಗಿಲು, ಡಿಕ್ಕಿಯ ಸುತ್ತಲಿನ ಸಂದು ಎರಡೂ ಬದಿ ಒಂದೇ ಅಗಲ ಇರಬೇಕು. ಬಾನೆಟ್ ಮತ್ತು ಫೆಂಡರಿನ ಬೋಲ್ಟುಗಳ ತಲೆಯ ಬಣ್ಣ ಎದ್ದಿದ್ದರೆ ಅವನ್ನು ಬಿಚ್ಚಿದ್ದಾರೆ. ಬಾಗಿಲಿನ ರಬ್ಬರ್ ಎಳೆದು ನೋಡಿ, ಕಂಪನಿಯ ಬೆಸುಗೆ ಸಮ ಅಂತರದ ದುಂಡು ಗುಳಿಗಳಾಗಿ ಕಾಣುತ್ತದೆ. ಟಿಂಕರಿಂಗ್ ಮಾಡಿದ ಕಡೆ ಅದು ಇರುವುದಿಲ್ಲ, ಅಥವಾ ಒರಟಾಗಿರುತ್ತದೆ. ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಮೈಮೇಲೆ ಸರಿಸಿ. ಹಿಡಿಯದ ಜಾಗದಲ್ಲಿ ದಪ್ಪ ಪುಟ್ಟಿ ಇದೆ. ಬಂಪರ್ ಪ್ಲಾಸ್ಟಿಕ್ಕಿನದ್ದು, ಅಲ್ಲಿ ಹಿಡಿಯದಿದ್ದರೆ ಗಾಬರಿ ಬೇಡ. ಎಲ್ಲ ಗಾಜಿನ ಮೂಲೆಯ ಮುದ್ರೆಯೂ ಸಾಮಾನ್ಯವಾಗಿ ಒಂದೇ ಕಂಪನಿಯದ್ದಿರುತ್ತದೆ. ಒಂದು ಮಾತ್ರ ಬೇರೆಯಾದರೆ ಕಾರಣ ಕೇಳಿ.

ಬಂಪರು, ಬಾಗಿಲು ಬಡಿದು ಸರಿಮಾಡಿದ ಕಾರು ನಡೆಯುತ್ತದೆ. ರೇಡಿಯೇಟರ್ ಹಿಡಿದಿರುವ ಅಡ್ಡಪಟ್ಟಿ, ಅದರ ಹಿಂದೆ ಚಾಸಿಯ ಉದ್ದದ ತೊಲೆ, ಬಾಗಿಲ ನಡುವಿನ ಕಂಬ, ಇವು ಬಡಿದದ್ದು ನಡೆಯುವುದಿಲ್ಲ. ಎಷ್ಟು ಕಡಿಮೆ ಬೆಲೆಗೂ ಬೇಡ.

ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಉರಿದು ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ. ಉರಿಯಲೇ ಇಲ್ಲವಾದರೆ ಬಲ್ಬು ತೆಗೆದಿದ್ದಾರೆ. ಏರ್‌ಬ್ಯಾಗ್ ಒಮ್ಮೆ ಬಿಚ್ಚಿಕೊಂಡ ಮೇಲೆ ಹೊಸದು ಹಾಕದೆ ಮುಚ್ಚಳ ಮಾತ್ರ ಕೂರಿಸಿದ ಕಾರುಗಳು ಹೀಗೆಯೇ ಸಿಕ್ಕಿಬೀಳುತ್ತವೆ.

### ನೆರೆಯಲ್ಲಿ ಮುಳುಗಿದ ಕಾರು

2018ರ ಆಗಸ್ಟಿನ ನೆರೆಯಲ್ಲಿ ಮಧ್ಯ ಕೇರಳದ ಸಾವಿರಾರು ವಾಹನಗಳು ನೀರಿನಡಿಗೆ ಹೋದವು. ತೆಂಕಣ ಜಿಲ್ಲೆಯ ನಂಬರಿನ, ಆ ಮೊದಲು ಕೊಂಡ ಕಾರಾದರೆ ಈ ಪರೀಕ್ಷೆ ಬಿಡಬೇಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಕೊನೆಯ ಒಂದಡಿಯಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಸೀಟಿನಡಿಯ ಹಳಿ, ಡ್ಯಾಶ್‌ಬೋರ್ಡಿನ ಕೆಳಗಿನ ಸ್ಕ್ರೂಗಳಲ್ಲಿ ತುಕ್ಕಿದೆಯೇ ನೋಡಿ. ಕಾರ್ಪೆಟ್ ಎತ್ತಿ ಮುಟ್ಟಿ, ಮೂಸಿ. ನಮ್ಮ ಕಡೆಯ ಕಾರಿನಲ್ಲಿ ಕೆಂಪು ಧೂಳು ಸಹಜ, ಆದರೆ ಕಾರ್ಪೆಟಿನ ಅಡಿ ಪದರವಾಗಿ ಕೂತ ನಯವಾದ ಬೂದು ಕೆಸರು ಹೊಳೆಯದ್ದು.

### ಮೀಟರ್ ತಿರುಗಿಸಿದ್ದಾರೆಯೇ?

ಮನೆಬಳಕೆಯ ಕಾರು ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಕಿಲೋಮೀಟರ್ ಓಡುವುದು ಸಾಧಾರಣ. ಒಂಬತ್ತು ವರ್ಷದ ಕಾರಿನಲ್ಲಿ 31 ಸಾವಿರ ಎಂದು ಕಂಡರೆ ಪೆಡಲಿನ ರಬ್ಬರ್, ಸ್ಟಿಯರಿಂಗಿನ ಮೇಲ್ಭಾಗ, ಗೇರಿನ ತಲೆ, ಚಾಲಕನ ಸೀಟಿನ ಬಲ ಅಂಚು ನೋಡಿ. ಇವು ಸವೆದಿದ್ದು ಮೀಟರ್ ಮಾತ್ರ ಎಳೆಯದಾದರೆ ನಂಬಬೇಡಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. 31 ಸಾವಿರಕ್ಕೆ ಟಯರು ಎರಡನೇ ಜೊತೆ ಬಂದಿದ್ದರೂ ಪ್ರಶ್ನೆ ಏಳುತ್ತದೆ. ಗಟ್ಟಿ ಸಾಕ್ಷಿ ಎಂದರೆ ಕಂಪನಿ ಸರ್ವಿಸಿನ ದಾಖಲೆ. ಮಾಲಿಕರೇ ಕೇಳಿದರೆ ಸರ್ವಿಸ್ ಸೆಂಟರಿನವರು ಕೊಡುತ್ತಾರೆ.

ನಿಜವಾಗಿಯೂ ಕಡಿಮೆ ಓಡಿದ ಕಾರುಗಳೂ ನಮ್ಮಲ್ಲುಂಟು. ಗಲ್ಫಿನಿಂದ ವರ್ಷಕ್ಕೆ ಒಂದು ತಿಂಗಳು ಬರುವವರ ಕಾರು ಉಳಿದ ಹನ್ನೊಂದು ತಿಂಗಳು ಶೆಡ್ಡಿನಲ್ಲಿ. ಹಾಗೆ ನಿಂತದ್ದಕ್ಕೂ ಖರ್ಚಿದೆ: ಬ್ಯಾಟರಿ ಸತ್ತಿರುತ್ತದೆ, ಟಯರು ಗಟ್ಟಿಯಾಗಿರುತ್ತದೆ, ಹಳೆ ಪೆಟ್ರೋಲು ಕೆಟ್ಟಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಇಲಿ. ಬಾನೆಟ್ ಒಳಗೆ ತೆಂಗಿನ ನಾರು, ಅಡಿಕೆ ಸಿಪ್ಪೆ, ಹಿಕ್ಕೆ ಕಂಡರೆ ಟಾರ್ಚು ಹಿಡಿದು ವಯರುಗಳನ್ನು ಒಂದೊಂದಾಗಿ ನೋಡಿ. ಟೇಪು ಸುತ್ತಿದ ಜಾಗ ಎಣಿಸಿ. ಎರಡು ಮೂರಾದರೆ ಸರಿ, ಎಲ್ಲೆಲ್ಲೂ ಇದ್ದರೆ ಆ ಕಾರು ಯಾವ ಮಳೆಯಲ್ಲಿ ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು.

## ಹಂತ 6: ತಣ್ಣನೆಯ ಎಂಜಿನ್

ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ, ಮೊದಲ ಹೊಗೆಯನ್ನೂ ಮೊದಲ ಸದ್ದನ್ನೂ ಕಳೆದಿದ್ದಾರೆ. ಚಾ ಕುಡಿದು ಎರಡು ಗಂಟೆ ಬಿಟ್ಟು ಬನ್ನಿ, ಇಲ್ಲವೇ ಇನ್ನೊಂದು ದಿನ ಬನ್ನಿ.

ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಬಿಳಿ ಕಾಗದಕ್ಕೆ ಒರೆಸಿ. ಕಪ್ಪಾದ ಆಯಿಲ್ ದೋಷವಲ್ಲ, ಹಾಲು ಬೆರೆಸಿದ ಕಾಪಿಯಂತಿದ್ದರೆ ಆಯಿಲಿಗೆ ನೀರು ಸೇರಿದೆ. ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದರೆ, ಮಳೆಗಾಲದಲ್ಲಿ ಹತ್ತಿರ ಹತ್ತಿರ ಓಡಿಸುವ ಕಾರುಗಳಲ್ಲಿ ಅದು ಆಗುತ್ತದೆ. ಆಗ ಡಿಪ್‌ಸ್ಟಿಕ್ಕಿನ ಸಾಕ್ಷಿಯನ್ನೇ ನಂಬಿ. ಕೂಲೆಂಟ್ ಡಬ್ಬಿಯಲ್ಲಿ ಎಣ್ಣೆಯ ಪೊರೆ ತೇಲಬಾರದು, ತುಕ್ಕಿನಿಂದ ಕೆಂಪಾದ ಬರೀ ನೀರೂ ಇರಬಾರದು. ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ಬಿಸಿಯಿರುವಾಗ ತೆರೆಯಲೇಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ.

ಈಗ ಜೊತೆಯವನನ್ನು ಹಿಂದೆ ಸೈಲೆನ್ಸರ್ ಹತ್ತಿರ ನಿಲ್ಲಿಸಿ, ನೀವು ಕೀ ತಿರುಗಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪಾದರೆ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ. ಬೆಳಗಿನ ಚಳಿಗೆ ತೆಳ್ಳಗೆ ಬಿಳಿ ಆವಿ ಬಂದು ನಿಂತರೆ ಏನೂ ಇಲ್ಲ, ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದರೆ ಕೂಲೆಂಟ್ ಎಂಜಿನ್ನಿನೊಳಗೆ ಸೋರುತ್ತಿದೆ. ನೀಲಿ ಮತ್ತು ದಟ್ಟ ಬಿಳಿ, ಎರಡರಲ್ಲೂ ಎಂಜಿನ್ ಬಿಚ್ಚದೆ ಗತಿಯಿಲ್ಲ.

ಸ್ಕ್ಯಾನರ್ ಚುಚ್ಚಿ ಕೋಡು ಓದಿ. ಕೋಡೇ ಇಲ್ಲವೆಂದು ಖುಷಿಪಡುವ ಮೊದಲು, ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನು ಮುಗಿಸಿದೆಯೇ ಎಂದು ತೋರಿಸುವ "ರೆಡಿನೆಸ್ ಮಾನಿಟರ್" ಪುಟ ನೋಡಿ. ಅಲ್ಲಿ ಹೆಚ್ಚಿನವು "ಅಪೂರ್ಣ" ಎಂದಿದ್ದರೆ ಈಗಷ್ಟೇ ಯಾರೋ ಕೋಡು ಅಳಿಸಿದ್ದಾರೆ, ಅಥವಾ ಬ್ಯಾಟರಿ ತೆಗೆದು ಹಾಕಿದ್ದಾರೆ.

## ಹಂತ 7: ಅರ್ಧ ಗಂಟೆ ನೀವೇ ಓಡಿಸಿ

ಅಂಗಡಿ ಎದುರಿನ ಅರ್ಧ ಕಿಲೋಮೀಟರ್ ಓಟದಲ್ಲಿ ಏನೂ ತಿಳಿಯದು. ದಾರಿಯಲ್ಲಿ ಮೂರು ಬಗೆ ಇರಬೇಕು: ಹೆದ್ದಾರಿ, ಚಡವು, ಹೊಂಡ. ಕಾಸರಗೋಡಿನ ಹತ್ತಿರದವರಾದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸ್ವಲ್ಪ ಓಡಿಸಿ, ಚೆರ್ಕಳದಲ್ಲಿ ತಿರುಗಿ ಮುಳ್ಳೇರಿಯಾ ಕಡೆಯ ರಸ್ತೆ ಹಿಡಿದರೆ ಏರಿಳಿತವೂ ತಿರುವೂ ಒಟ್ಟಿಗೆ ಸಿಗುತ್ತದೆ. ರೇಡಿಯೊ ಬಂದ್, ಕಿಟಕಿ ತೆರೆದಿರಲಿ.

ಕ್ಲಚ್: ಚಡವಿನಲ್ಲಿ ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬೆಟ್ಟದ ಕಡೆಯ ಕಾರುಗಳಲ್ಲಿ ಇದು ಬೇಗ ಸವೆಯುತ್ತದೆ. ಕಾರು ಬಿಡಲು ಇದು ಕಾರಣವಲ್ಲ, ಬೆಲೆ ಇಳಿಸಲು ಕಾರಣ.

ಸ್ಟಿಯರಿಂಗ್: ಬಯಲಿನಲ್ಲಿ ಪೂರ್ತಿ ಒಂದು ಬದಿಗೆ ತಿರುಗಿಸಿ ನಿಧಾನ ಸುತ್ತು ಹಾಕಿ. ಟಕಟಕ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ಹೋಗಿದೆ. ನೇರ ರಸ್ತೆಯಲ್ಲಿ ಒಂದೇ ಬದಿಗೆ ಎಳೆದರೆ ಅಲೈನ್‌ಮೆಂಟ್ ಇರಬಹುದು, ಚಾಸಿ ಬಾಗಿದ್ದೂ ಇರಬಹುದು. ನಾಲ್ಕು ಟಯರಿನ ಸವಕಳಿ ನೋಡಿ ಹೋಲಿಸಿ.

ಬ್ರೇಕ್: ಹಿಂದೆ ಮುಂದೆ ಯಾರೂ ಇಲ್ಲದಾಗ 40ರ ವೇಗದಲ್ಲಿ ಗಟ್ಟಿಯಾಗಿ ಒತ್ತಿ. ಕಾರು ನೇರ ನಿಲ್ಲಬೇಕು.

ಉಷ್ಣತೆ: ಓಡಿಸಿ ಬಂದು ಎಸಿ ಹಾಕಿಯೇ ಹತ್ತು ನಿಮಿಷ ನಿಂತಲ್ಲೇ ಚಾಲೂ ಇಡಿ. ಮುಳ್ಳು ನಡುವಿನಿಂದ ಮೇಲೇರಬಾರದು, ಫ್ಯಾನು ತಾನಾಗಿ ಸುತ್ತಬೇಕು. ಮಾರುವವರು "ಎಸಿ ಬಂದ್ ಮಾಡಿ ಸಾರ್, ಪೆಟ್ರೋಲು ವೇಸ್ಟ್" ಎಂದು ಅವಸರ ಮಾಡಿದರೆ ಇನ್ನೂ ಐದು ನಿಮಿಷ ಹೆಚ್ಚು ಇಡಿ.

ನಿಲ್ಲಿಸಿದ ಮೇಲೆ ಅಡಿಯಲ್ಲಿ ಹನಿ ಬಿದ್ದಿದೆಯೇ ನೋಡಿ. ಎಸಿಯ ಶುದ್ಧ ನೀರು ಮಾತ್ರ ಬೀಳಬಹುದು.

## ಹಂತ 8: ನಿಮ್ಮ ಮೆಕ್ಯಾನಿಕ್

ಮಾರುವವರು ತೋರಿಸಿದ ವರ್ಕ್‌ಶಾಪ್ ಬೇಡ. ನಿಮಗೆ ಗೊತ್ತಿರುವವರಿಗೆ ಸಾವಿರವೋ ಎರಡು ಸಾವಿರವೋ ಕೊಟ್ಟು, ಕಾರನ್ನು ಲಿಫ್ಟಿಗೆ ಏರಿಸಿ ನೋಡಲು ಹೇಳಿ. ಸ್ನೇಹಕ್ಕೆಂದು ಪುಕ್ಕಟೆ ನೋಡಿಸಬೇಡಿ, ಪುಕ್ಕಟೆ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ. ಕೇಳಬೇಕಾದ್ದು ಇಷ್ಟು: ಅಡಿಯಲ್ಲಿ ಬೆಸುಗೆ ಇದೆಯೇ, ಬುಷ್ ಮತ್ತು ಶಾಕ್ ಹೇಗಿವೆ, ಗೇರ್‌ಬಾಕ್ಸ್ ಸೋರುತ್ತಿದೆಯೇ, ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟೋ ಚೈನೋ. ಬೆಲ್ಟಾಗಿದ್ದು ಬದಲಿಸಿದ ದಾಖಲೆ ಇಲ್ಲದಿದ್ದರೆ ಅದರ ಖರ್ಚನ್ನು ಈಗಲೇ ಪಟ್ಟಿಗೆ ಸೇರಿಸಿ, ಓಡುವಾಗ ತುಂಡಾದರೆ ಎಂಜಿನ್ನೇ ಹಾಳಾಗಬಹುದು.

ಒಂದು ವರ್ಷದೊಳಗೆ ಬರುವ ಖರ್ಚುಗಳನ್ನು ಕಾಗದದಲ್ಲಿ ಮೊತ್ತ ಸಹಿತ ಬರೆಸಿಕೊಳ್ಳಿ. ಬೆಲೆಯ ಮಾತಿಗೆ ನಿಮ್ಮ ಕೈಯಲ್ಲಿರುವ ಆಧಾರ ಅದೊಂದೇ.

## ಹಂತ 9: ಬೆಲೆ ಮತ್ತು ಬರಹ

ಅದೇ ಮಾಡೆಲ್, ಅದೇ ವರ್ಷದ ಐದಾರು ಕಾರುಗಳ ಬೆಲೆ ಆನ್‌ಲೈನಿನಲ್ಲಿ ನೋಡಿ ಬರೆದಿಟ್ಟುಕೊಂಡು ಹೋಗಿ. ಮೆಕ್ಯಾನಿಕ್ಕಿನ ಪಟ್ಟಿಯ ಮೊತ್ತ ಕಳೆದು ನಿಮ್ಮ ಬೆಲೆ ಹೇಳಿ. "ಇನ್ನೊಬ್ಬರು ಸಂಜೆ ಬರ್ತಾರೆ" ಎಂದರೆ ಬರಲಿ ಬಿಡಿ.

ಕರಾರು ಪತ್ರದ ಬಗ್ಗೆ ಕನ್ನಡಿಗರಿಗೆ ವಿಶೇಷವಾಗಿ ಹೇಳಬೇಕು. ಇಲ್ಲಿ ಹೆಚ್ಚಾಗಿ ಸ್ಟಾಂಪ್ ಪೇಪರಿನಲ್ಲಿ ಮಲಯಾಳದಲ್ಲಿ ಮೊದಲೇ ಟೈಪಾದ ನಮೂನೆ ಇರುತ್ತದೆ. ಮಾತಾಡಲು ಬಂದರೂ ಓದಲು ಬಾರದ ಎಷ್ಟೋ ಜನ ನಮ್ಮಲ್ಲಿದ್ದಾರೆ, ನಾಚಿಕೆಯಿಂದ ಸುಮ್ಮನೆ ಸಹಿ ಹಾಕುತ್ತಾರೆ. ಹಾಕಬೇಡಿ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಸಿ, ಇಲ್ಲವೇ ಓದಬಲ್ಲ ನಿಮ್ಮವರೊಬ್ಬರಿಂದ ಸಾಲು ಸಾಲಾಗಿ ಓದಿಸಿ ಕೇಳಿ. ಕಾರು ಒಪ್ಪಿಸಿದ ದಿನಾಂಕದ ಜೊತೆ ಗಂಟೆಯೂ ಇರಲಿ, ಆ ಗಂಟೆಯವರೆಗಿನ ದಂಡ, ಅಪಘಾತ, ಕೇಸುಗಳ ಹೊಣೆ ಮಾರಿದವರದ್ದು ಎಂದಿರಲಿ, ಕಿಲೋಮೀಟರ್ ಎಷ್ಟೆಂದು ಇರಲಿ, ಬಾಕಿ ಹಣ ಯಾವಾಗ ಎಂದಿರಲಿ. ಹಣವೆಲ್ಲ ಬ್ಯಾಂಕ್ ಮೂಲಕ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹೋಗಲಿ.

ಹತ್ತೋ ಹದಿನೈದೋ ಸಾವಿರ ರೂಪಾಯಿಯನ್ನು ಆರ್‌ಸಿ ನಿಮ್ಮ ಹೆಸರಿಗೆ ಆಗುವವರೆಗೆ ತಡೆಹಿಡಿಯುವ ಒಪ್ಪಂದ ಮಾಡಿ. ಪ್ರಾಮಾಣಿಕರು ಇದಕ್ಕೆ ಒಪ್ಪುತ್ತಾರೆ, ನಾನು ನೋಡಿದ್ದೇನೆ.

## ಹಂತ 10: ಕಾರು ಅಂಗಳಕ್ಕೆ ಬಂದ ಮೇಲೆ

ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅದಕ್ಕೆ ಕಾಯದೆ ಮೊದಲ ವಾರದಲ್ಲೇ ಇಬ್ಬರೂ ಕೂತು ಆನ್‌ಲೈನ್ ಅರ್ಜಿ ಹಾಕಿ, ಒಟಿಪಿ ಕೊಡುವವರು ಎದುರಿಗಿರುವಾಗಲೇ ಮುಗಿಸಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು ಇರುವುದು 14 ದಿನ. ಹಳೆ ಹೆಸರಿನಲ್ಲೇ ಬಿಟ್ಟರೆ ಎದುರಿನವರ ನಷ್ಟಕ್ಕೆ ರಕ್ಷೆ ಇರುತ್ತದೆ, ನಿಮ್ಮ ಕಾರಿನ ಹಾನಿಗೆ ಹಣ ಸಿಗುವುದು ಕಷ್ಟ. ಹಳೆ ಮಾಲಿಕರ ನೋ ಕ್ಲೇಮ್ ಬೋನಸ್ ಅವರಿಗೇ ಸೇರಿದ್ದು, ನಿಮಗೆ ಬರುವುದಿಲ್ಲ. ಆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ.

ಮಾರಿದವರು ಏನೇ ಹೇಳಲಿ, ಎಂಜಿನ್ ಆಯಿಲ್, ಫಿಲ್ಟರುಗಳು, ಕೂಲೆಂಟ್, ಬ್ರೇಕ್ ಆಯಿಲ್ ಮೊದಲ ವಾರದಲ್ಲೇ ಬದಲಿಸಿ, ಆ ದಿನದ ಕಿಲೋಮೀಟರ್ ಬರೆದಿಡಿ. ಮೊದಲ ತಿಂಗಳು ವಾರಕ್ಕೊಮ್ಮೆ ಬೆಳಗ್ಗೆ ಡಿಪ್‌ಸ್ಟಿಕ್ಕೂ ಕೂಲೆಂಟ್ ಮಟ್ಟವೂ ನೋಡಿ. ಎರಡರಲ್ಲಿ ಒಂದು ಇಳಿಯುತ್ತಿದ್ದರೆ ಆ ದಿನವೇ ವರ್ಕ್‌ಶಾಪಿಗೆ ಕೊಂಡುಹೋಗಿ. ಹೊಸ ಆರ್‌ಸಿ ಕೈಗೆ ಬಂದು, ಅದರಲ್ಲಿ ನಿಮ್ಮ ಹೆಸರು, ವಿಳಾಸ, ಚಾಸಿ ನಂಬರು ಸರಿಯಾಗಿ ಇವೆಯೆಂದು ಓದಿ ನೋಡಿದ ಮೇಲೆ, ತಡೆಹಿಡಿದ ಹಣವನ್ನು ಅದೇ ದಿನ ಮಾರಿದವರ ಖಾತೆಗೆ ಕಳುಹಿಸಿ.